ಕಾರು ಒಪ್ಪದ ಬೆರಳು

ಸ್ವಂತ ವಸ್ತುವಿನಿಂದಲೇ ಅವಮಾನವಾದರೆ ಯಾರ ಹತ್ತಿರ ಹೇಳಿಕೊಳ್ಳಬೇಕೆಂದು ನನಗೆ ತಿಳಿಯದು. ಅದಕ್ಕೇ ನಿಮ್ಮ ಮುಂದೆ ಹೇಳುತ್ತಿದ್ದೇನೆ. ಸನತ್‌ನಗರದ ಸಣ್ಣ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷದಿಂದ ಲೇತ್ ಯಂತ್ರ ನಡೆಸುವವನು ನಾನು. ಕಡೆದ ಕಬ್ಬಿಣದ ಮೇಲೆ ಬೆರಳಾಡಿಸಿ, ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಹೇಳಿಬಿಡುತ್ತೇನೆ. ಇಂಥ ಬೆರಳನ್ನು ನಮ್ಮ ಹೊಸ ಕಾರು ಬೆರಳೆಂದೇ ಒಪ್ಪುವುದಿಲ್ಲ.

ಹಳೆಯ ಕಾರಿನಲ್ಲಿ ಎಲ್ಲಕ್ಕೂ ತಿರುಗಿಸುವ ಗುಂಡಿಗಳಿದ್ದವು. ರಸ್ತೆಯಿಂದ ಕಣ್ಣು ತೆಗೆಯದೆ ಒಂದನ್ನು ತಿರುಗಿಸಿದರೆ ತಂಪು, ಇನ್ನೊಂದನ್ನು ತಿರುಗಿಸಿದರೆ ರೇಡಿಯೋ. ಬೆಳಿಗ್ಗೆ ಕೂಕಟ್‌ಪಲ್ಲಿಯ ಮನೆ ಬಿಟ್ಟು ಮೆಟ್ರೋ ಕಂಬಗಳ ಪಕ್ಕ ಹೊರಟರೆ, ಎಎಂನಲ್ಲಿ ನಮ್ಮೂರು ಕಲಬುರಗಿಯ ಸ್ಟೇಷನ್ನು ಗೊರಗೊರ ಸದ್ದಿನ ನಡುವೆ ಸಿಗುತ್ತಿತ್ತು. ತೊಗರಿಗೆ ಯಾವ ಔಷಧಿ ಹೊಡೆಯಬೇಕೆಂದು ಹೇಳುತ್ತಿದ್ದರು. ನನಗೆ ಗೇಣು ಹೊಲವಿಲ್ಲ, ಆದರೂ ಕೇಳುತ್ತಿದ್ದೆ. ದಿನವಿಡೀ ತೆಲುಗು, ಹಿಂದಿಯಲ್ಲೇ ಏಗುವವನಿಗೆ ಆ ಹತ್ತು ನಿಮಿಷ ನಮ್ಮ ಕಡೆಯ ಮಾತು ಕಿವಿಗೆ ಬಿದ್ದರೆ ಹೊಟ್ಟೆ ತುಂಬಿದಂತಾಗುತ್ತಿತ್ತು. ಹೊಸ ಕಾರಿನಲ್ಲಿ ಗುಂಡಿಯೂ ಇಲ್ಲ, ಎಎಂ ಕೂಡ ಇಲ್ಲ. ಅದನ್ನೆಲ್ಲ ಈಗ ಯಾರು ಕೇಳುತ್ತಾರೆ ಎಂದು ಷೋರೂಮಿನವರು ನನ್ನನ್ನೇ ಕೇಳಿದರು. ಇರುವುದು ಬೆರಳಿನಿಂದ ಮುಟ್ಟಿ ನಡೆಸಬೇಕಾದ, ಊಟದ ತಟ್ಟೆಯಷ್ಟಗಲದ ಒಂದು ಗಾಜು.

ಆ ಗಾಜು ಜಡ್ಡುಗಟ್ಟಿದ ನನ್ನ ಬೆರಳಿಗೆ ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ಕಾರು ಓಡಿಸಲು ಬಾರದ ನನ್ನ ಹೆಂಡತಿ ಮಹಾದೇವಿ ಸುಮ್ಮನೆ ಸೋಕಿಸಿದರೂ ಸಾಕು, ಹೇಳಿದಂತೆ ಕೇಳುತ್ತದೆ. ಹೀಗಾಗಿ ಇಬ್ಬರೂ ಹೊರಟಾಗ ಸ್ಟಿಯರಿಂಗು ನನ್ನ ಕೈಯಲ್ಲಿ, ದರ್ಬಾರು ಅವಳದು. "ಧಗಿ ಭಾಳ ಐತಿ, ಜರಾ ಎಸಿ ಹಚ್ಚು" ಎಂದರೆ, "ನಂಗ ಥಂಡಿ ಆಗ್ತೈತ್ರಿ, ನೀವು ಕಿಟಕಿ ತೆಗೀರಿ" ಎನ್ನುತ್ತಾಳೆ. ತೊಗರಿಯ ಜಾಗದಲ್ಲಿ ಈಗ ಅವಳ ಫೋನಿನಿಂದ ಯಾರೋ ಹೆಂಗಸು ಉಪ್ಪಿನಕಾಯಿ ಹಾಕುವುದನ್ನು ಕಲಿಸುತ್ತಿರುತ್ತಾಳೆ. ನನಗೆ ನಿಜಕ್ಕೂ ಬೇಜಾರಾಗಿತ್ತು.

ಸುಮ್ಮನಿರಲಾರದೆ, ಊಟದ ಬಿಡುವಿನಲ್ಲಿ ಹಿತ್ತಾಳೆಯ ಚಂದದ ಗುಂಡಿಯೊಂದನ್ನು ಕಡೆದು, ಎಸಿಯ ಚಿತ್ರದ ಮೇಲೆ ಗಟ್ಟಿ ಅಂಟಿನಿಂದ ಕೂರಿಸಿಬಿಟ್ಟೆ. ರಜೆಯ ದಿನ ಮಹಾದೇವಿಯನ್ನು ಕೂರಿಸಿಕೊಂಡು ಹೊರಟಾಗ ಅದನ್ನು ಹಿಡಿದು ತಿರುಗಿಸಹೋದೆ. ಅಂಟಿದ ಗುಂಡಿ ತಿರುಗದಿದ್ದರೂ ಹಿತ್ತಾಳೆ ತಾಗಿದ್ದಕ್ಕೋ ಏನೋ ಕೆಲಸ ಮಾಡಿತು, ಆದರೆ ಒಂದೇ ದಿಕ್ಕಿಗೆ. ತಂಪು ಏರಿತೇ ಹೊರತು ಇಳಿಯಲಿಲ್ಲ. ಇಳಿಸೋಣವೆಂದರೆ ಗುಂಡಿ ಮಹಾದೇವಿಯ ಬೆರಳಿಗೂ ಅಡ್ಡ ಕೂತಿತ್ತು. ಮೇ ತಿಂಗಳ ಮಧ್ಯಾಹ್ನ, ಅವಳು ಸೆರಗು ಹೊದ್ದು ನಡುಗುತ್ತ, "ಇದನ್ನ ಯಾವ ಕೈಯಿಂದ ಮಾಡಿದಿರಿ?" ಎಂದಳು. ಸೀದಾ ಸರ್ವಿಸ್ ಸೆಂಟರಿಗೆ ಹೋದೆವು.

ಗುಂಡಿ ಕಿತ್ತುಕೊಟ್ಟ ಮೇಲೆ ಕೌಂಟರಿನ ಹುಡುಗಿ ಕಾರಿನ ಬಗ್ಗೆ ನಿಮ್ಮ ಅಭಿಪ್ರಾಯವೇನು ಎಂದು ತೆಲುಗಿನಲ್ಲಿ ಕೇಳಿದಳು. ಇಷ್ಟು ದಿನ ಕಾದಿದ್ದ ಅವಕಾಶ. ಗುಂಡಿಗಳನ್ನು ವಾಪಸ್ ಹಾಕಬೇಕು, ಎಎಂ ರೇಡಿಯೋ ಕೊಡಬೇಕು, ದುಡಿದ ಕೈಗೂ ಒಂದು ಮರ್ಯಾದೆ ಇರಬೇಕು ಎಂದು ದೊಡ್ಡ ಭಾಷಣವನ್ನೇ ಬಿಗಿದೆ. ಅವಳು ಪೂರ್ತಿ ಕೇಳಿ, ಅದನ್ನು ನೀವೇ ಇಲ್ಲಿ ಒತ್ತಬೇಕು ಸಾರ್ ಎಂದು ಒಂದು ಟ್ಯಾಬ್ ಮುಂದೆ ಹಿಡಿದಳು. ಅಳುವ ಮುಖದ ಚಿತ್ರವನ್ನು ತೋರುಬೆರಳಿನಿಂದ ಒತ್ತಿದೆ, ಹೆಬ್ಬೆರಳಿನಿಂದ ಒತ್ತಿದೆ, ಕಿರುಬೆರಳನ್ನೂ ಬಿಡಲಿಲ್ಲ. ಹಿಂದೆ ಸಾಲಿನಲ್ಲಿದ್ದವರು ಕೆಮ್ಮತೊಡಗಿದರು.

"ಸರೀರಿ, ನಾ ಒತ್ತತೀನಿ" ಎಂದು ಮಹಾದೇವಿ ಬಗ್ಗಿದಳು. ಟ್ಯಾಬಿನ ತುಂಬ ಒಂದು ನಗುಮುಖ ಅರಳಿತು.

"ಏನ್ ಒತ್ತಿದಿ?" ಎಂದೆ.

"ನಂಗ ಈ ಗಾಡಿ ಭಾಳ ಪಸಂದ್ ಬಂದೈತ್ರಿ."

ಕಂಪನಿಯ ದಾಖಲೆಯಲ್ಲಿ ಈಗ ನಾನು ಅತ್ಯಂತ ಸಂತೃಪ್ತ ಗ್ರಾಹಕ.