ಇಪ್ಪತ್ತನಾಲ್ಕನೆಯ ಕಲ್ಲಿನ ಮೇಲೆ ಕುಳಿತ ಗಣಕಯಂತ್ರ ಮಹಾಶಯರಿಗೆ

ಚಿತ್ತಾಪುರ ತಾಲ್ಲೂಕಿನ ನಮ್ಮ ಸರ್ಕಾರಿ ಪ್ರೌಢಶಾಲೆಯ ಎಂಟನೆಯ ಇಯತ್ತೆಯ ಕೋಣೆಯಲ್ಲಿ ವಿರಾಜಮಾನರಾದ ತಮಗೆ, ಅದೇ ಕೋಣೆಯಲ್ಲಿ ಹದಿನೈದು ವರ್ಷ ಇತಿಹಾಸ ಕಲಿಸಿದ ಸೀತಾಬಾಯಿ ತಲೆಬಾಗಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ಕಳೆದ ಜೂನಿನಲ್ಲಿ ತಾವು ಇತಿಹಾಸದ ಸಿ.ಡಿ. ಸಮೇತ ದಯಮಾಡಿಸಿದಾಗ ನಮ್ಮ ಜವಾನ ಹಣಮಪ್ಪ ತಮ್ಮ ನೆತ್ತಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, "ಇನ್ನ ಮ್ಯಾಲ ಎಲ್ಲಾ ಇವರೇ ಹೇಳ್ತಾರ್ರಿ ಟೀಚರ, ನೀವು ಆರಾಮ ಕುಂದ್ರಿ" ಎಂದದ್ದು ತಮಗೆ ನೆನಪಿರಬಹುದು. ನಾನು ಕುಳಿತೆ. ಹತ್ತರಿಂದ ಎರಡರ ತನಕ ಕರೆಂಟು ಇರುವುದಿಲ್ಲವಾದ್ದರಿಂದ ತಾವೂ ಸುಮ್ಮನೆ ಕುಳಿತಿರಿ, ಮಕ್ಕಳೂ ಕುಳಿತರು.

ತಾವು ಬರುವ ಮೊದಲು ಆ ಕೋಣೆಯ ನೆಲ ಬರೀ ಶಹಾಬಾದ ಕಲ್ಲಿನದು, ಅಡಿಗೊಂದು ಕಲ್ಲು. ಒಂದೊಂದು ಕಲ್ಲಿಗೆ ನೂರು ವರ್ಷದಂತೆ ನಾನೇ ಬಿಳಿ ಬಣ್ಣದಲ್ಲಿ ಶತಮಾನಗಳನ್ನು ಬರೆದಿದ್ದೆ. ಬಾಗಿಲ ಬಳಿಯ ಮೊದಲ ಕಲ್ಲು ಸನ್ನತಿಯಲ್ಲಿ ಶಾಸನ ಬರೆಸಿದ ಅಶೋಕನದು, ಹನ್ನೆರಡನೆಯದು ಮಳಖೇಡದ ಅಮೋಘವರ್ಷನದು. ಮಕ್ಕಳು ಕಾಲವನ್ನು ಕಾಲಿನಿಂದಲೇ ಅಳೆದು, "ಭಾಳ ದೂರ ಅದ ರೀ" ಎಂದು ಏದುಸಿರು ಬಿಡುತ್ತಿದ್ದರು. ಕಿಟಕಿಯ ಬುಡದ ಇಪ್ಪತ್ತನಾಲ್ಕನೆಯ ಕಲ್ಲನ್ನು ಮಾತ್ರ ಖಾಲಿ ಬಿಟ್ಟು, ಇದು ನಿಮ್ಮದು, ಇದರಲ್ಲಿ ಏನು ಬರೆಯಬೇಕೋ ನೀವೇ ಬರೆಯಿರಿ ಎಂದು ಮಕ್ಕಳಿಗೆ ಹೇಳುತ್ತಿದ್ದೆ. ತಮ್ಮ ಮೇಜು ಈಗ ಅದರ ಮೇಲಿದೆ.

ತಮಗೆ ಧೂಳು ಆಗಿಬರುವುದಿಲ್ಲ ಎಂಬ ಕಾರಣಕ್ಕೆ, ವಾಡಿ ಶಹಾಬಾದಗಳ ಸಿಮೆಂಟು, ಕಲ್ಲುಗಣಿಗಳ ನಡುವೆ ಹುಟ್ಟಿ ಧೂಳನ್ನೇ ಉಂಡು ಬೆಳೆದ ನಾವು ಆ ನೆಲದ ತುಂಬ ನೀಲಿ ಚಾಪೆಯನ್ನು ಅಂಟಿಸಿ, ಚಪ್ಪಲಿಗಳನ್ನು ಹೊರಗೆ ಬಿಟ್ಟು ಒಳಬರಲು ಕಲಿತೆವು. ಕೂಸು ಹುಟ್ಟುವ ಮುನ್ನ ಕುಲಾವಿ ಎಂದು ಯಾರೂ ನಗಲಿಲ್ಲ.

ಮೊನ್ನೆ ತಮ್ಮ ಪ್ರತಾಪವನ್ನು ನೋಡಲು ಇಲಾಖೆಯ ಸಾಹೇಬರು ಬಂದರು. ತಾವು ಅಶೋಕನ ಹೆಸರು ಹೇಳುವಷ್ಟರಲ್ಲಿ ಕರೆಂಟು ಹೋಯಿತು. ಸಾಹೇಬರು ಬೇಸರ ಕಳೆಯಲು, ಅಶೋಕನಿಂದ ಅಮೋಘವರ್ಷನಿಗೆ ಎಷ್ಟು ವರ್ಷ ಎಂದು ಮಕ್ಕಳನ್ನು ಕೇಳಿದರು. ಚಾಪೆ ಬೀಳುವ ಮೊದಲು ಒಂದೇ ವಾರ ಆ ಕಲ್ಲುಗಳ ಮೇಲೆ ನಡೆದಿದ್ದ ತೆಂಗಳಿಯ ನಾಗರತ್ನಾ ಎದ್ದು ಬಾಗಿಲಿಗೆ ಹೋಗಿ, ಕಣ್ಣು ಮುಚ್ಚಿ, ಬರಿಗಾಲ ಬೆರಳಿನಿಂದ ಚಾಪೆಯಡಿಯ ಸಂದುಗಳನ್ನು ತಡವುತ್ತ ನಡೆದು, ನಿಂತು, "ಹನ್ನೊಂದು ನೂರು ವರ್ಷ ಆಗ್ತಾವ್ರಿ" ಎಂದಳು. ನನ್ನ ಕಣ್ಣಲ್ಲಿ ನೀರು ಬಂತು. ಸಾಹೇಬರು, "ನೋಡ್ರಿ, ಕಂಪ್ಯೂಟರಿಂದ ಹುಡುಗ್ರು ಹ್ಯಾಂಗ ತಯಾರಾಗ್ಯಾರ" ಎಂದು ಹಾಗೆಯೇ ಷರಾ ಬರೆದರು. ಬೆಳೆದವರೊಬ್ಬರು, ಉಂಡವರು ತಾವು. ಹೊರಡುವಾಗ ಅದೇ ಸಂದಿಗೆ ಎಡವಿದ ಸಾಹೇಬರು, ಗಣಕಯಂತ್ರ ಮಹಾಶಯರ ಸಾಧನೆಗೆ ಬಹುಮಾನವಾಗಿ ಈ ಉಬ್ಬುತಗ್ಗಿನ ಕಲ್ಲುಗಳನ್ನೆಲ್ಲ ಕಿತ್ತು ನುಣ್ಣನೆಯ ಟೈಲ್ಸ್ ಹಾಕಿಸಲು ಆದೇಶಿಸಿದ್ದಾರೆ.

ಅತ್ತೆಯ ಮೇಲಿನ ಸಿಟ್ಟು ಕೊತ್ತಿಯ ಮೇಲೆ ಎಂದು ತಾವು ತಪ್ಪು ತಿಳಿಯಬಾರದು. ಸಾಹೇಬರು ನನ್ನ ಮಾತು ಕೇಳುವುದಿಲ್ಲ, ತಮ್ಮ ಮಾತು ಕೇಳುತ್ತಾರೆ. ಆದ್ದರಿಂದ ತಾವೇ ಒಮ್ಮೆ ಬಾಯಿಬಿಟ್ಟು, ಆ ಉತ್ತರ ನನ್ನದಲ್ಲ, ನೆಲದ್ದು ಎಂದು ಹೇಳಬೇಕು. ಕರೆಂಟು ಇಲ್ಲದಿದ್ದಾಗ ಹೇಳಿದರೂ ನಡೆಯುತ್ತದೆ. ಚಾಪೆ ಇರಲಿ, ಮೇಜೂ ಇರಲಿ. ಕೆಳಗಿನ ಕಲ್ಲುಗಳನ್ನಷ್ಟು ಉಳಿಸಿಕೊಡಿ.

ತಮ್ಮ ಮೇಜಿನ ಧೂಳನ್ನು ದಿನಾ ತನ್ನ ಸೆರಗಿನಿಂದಲೇ ಒರೆಸುವ,
ತಮ್ಮ ವಿಶ್ವಾಸಿ,
ಸೀತಾಬಾಯಿ

ತಾ.ಕ.: ಕರೆಂಟು ಹೋಗಿ ಬಂದಾಗಲೆಲ್ಲ ತಮ್ಮ ಪರದೆಯ ಮೂಲೆಯಲ್ಲಿ ೧೯೮೦ರ ಜನವರಿ ಒಂದು ಎಂದು ಮೂಡುತ್ತದೆ. ಎರಡು ಸಾವಿರ ವರ್ಷ ಕಲಿಸಲು ಬಂದವರಿಗೆ ಇವತ್ತಿನ ದಿನವೇ ಗೊತ್ತಿಲ್ಲ ಎಂದು ಮಕ್ಕಳು ನಗುತ್ತಿದ್ದರು, ನಾನೇ ಗದರಿಸಿದೆ. ಕಲ್ಲು ಕೀಳುವವರು ೨೦೦೬ರ ನವೆಂಬರ್ ಇಪ್ಪತ್ತು, ಸೋಮವಾರ ಬರುತ್ತಾರಂತೆ. ತಮ್ಮ ಲೆಕ್ಕದಲ್ಲಿ ಅದಕ್ಕೆ ಇನ್ನೂ ಇಪ್ಪತ್ತಾರು ವರ್ಷ ಚಿಲ್ಲರೆ ಇದೆ. ತಾವು ತೋರಿಸಿದ್ದೆಲ್ಲ ನಿಜವೆಂದು ಇಲಾಖೆ ನಂಬುತ್ತದಲ್ಲ, ದಯವಿಟ್ಟು ಇದೊಂದನ್ನೂ ನಂಬಿಸಿ.