ಬೆಲ್ಲ-ನೀರಿನ ದಾರಿ

ದಪ್ಪ ಮಗುವನ್ನು ಸಪೂರ ಮಾಡುವ ಕೆಲಸ ಅಜ್ಜಿಯ ಕೈಗೆ ಕೊಟ್ಟರೆ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ, ಅಲ್ವಾ?

೧. ಮದ್ದು

ನಮ್ಮೂರು ಎರ್ಮಾಳಿಗೆ ಇನ್ನೂ ಕರೆಂಟು ಬಾರದ ಕಾಲ. ನನ್ನ ಮಗಳ ಮಗನಿಗೆ ಏಳು ವರ್ಷ. ಮಕ್ಕಳೆಲ್ಲ ಮುಟ್ಟಾಟ ಆಡುವಾಗ ಇವನು ನಾಲ್ಕು ಹೆಜ್ಜೆ ಓಡಿ, ಏದುಸಿರು ಬಿಟ್ಟು ಕೂತುಬಿಡುತ್ತಿದ್ದ. ನನಗೆ ಅದನ್ನು ನೋಡಲಿಕ್ಕಾಗಲಿಲ್ಲ. ಕಾಪುವಿನ ಡಾಕ್ಟರರಲ್ಲಿಗೆ ಕರೆದುಕೊಂಡು ಹೋದೆ.

“ಎಂತ ತಿನ್ನಿಸ್ತೀರಿ ಅಜ್ಜಿ?”

“ಎಂತದೂ ಇಲ್ಲ. ಗಂಜಿ, ತುಪ್ಪ. ಗಂಜಿ ಸೇರುವುದಿಲ್ಲವೆಂದು ಕಡುಬು. ಕಡುಬು ಒಣಗಿತೆಂದು ಸ್ವಲ್ಪ ಪಾಯಸ.”

“ಸಿಹಿ ಬಿಡಿಸಿ, ದಿನಾ ನಡೆಸಿ. ಅದೇ ಮದ್ದು.”

“ಊಟಕ್ಕೆ ಮೊದಲೋ, ಆಮೇಲೋ?” ಎಂದೆ. ಡಾಕ್ಟರರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

೨. ನಡಿಗೆ

ದಿನಾ ಸಂಜೆ ಅವನ ದೊಡ್ಡಮ್ಮನ ಮನೆವರೆಗೆ ಒಬ್ಬನನ್ನೇ ನಡೆದು ಬರಲು ಕಳುಹಿಸಿದೆ. ತಿಂಗಳಾಗುವಾಗ ಹೊಟ್ಟೆ ಇನ್ನೂ ಉಬ್ಬಿ ಅಂಗಿಯ ಗುಬ್ಬಿ, ಅದೇ ಗುಂಡಿ, ಕಿತ್ತು ಹಾರಿಹೋಯಿತು! ಒಂದು ದಿನ ಅವನಿಗೆ ಗೊತ್ತಾಗದ ಹಾಗೆ ಅವನ ಹಿಂದೆಯೇ ಹೋದೆ. ಮೊದಲ ಮನೆಯ ಬಾಯಮ್ಮ, “ಬಿಸಿಲಲ್ಲಿ ಬಂದೆಯಾ ಮಗಾ? ಬೆಲ್ಲ ತಿನ್ನು, ನೀರು ಕುಡಿ” ಎಂದರು. ಅಂಗಳಕ್ಕೆ ಬಂದವರಿಗೆ ಬೆಲ್ಲ-ನೀರು ಕೊಡುವುದು ನಮ್ಮ ಕಡೆಯ ಕ್ರಮ. ಎರಡನೇ ಮನೆಯಲ್ಲೂ ಅದೇ, ಮೂರನೆಯದರಲ್ಲೂ ಅದೇ. ಬರುವಾಗ ಪುನಃ.

ನನ್ನನ್ನು ಕಂಡು ಬೆಲ್ಲ ಚೀಪುತ್ತಾ ಹೇಳಿದ: “ಅಜ್ಜೀ, ಡಾಕ್ಟರು ಹೇಳಿದ್ದು ಸರಿ. ನಡೆದರೆ ತುಂಬಾ ಒಳ್ಳೆಯದು.”

೩. ರಾಜಿ

ಬೆಲ್ಲ ಕೊಡಬೇಡಿ ಎಂದು ಹೇಳಲು ಹೋದೆ. “ಮಗುವಿಗೆ ಬರೀ ನೀರಾ? ನಮ್ಮ ಮೇಲೆ ಎಂತ ಕೋಪ ನಿಮಗೆ?” ಎಂದು ಬಾಯಮ್ಮ ಮುಖ ಊದಿಸಿಕೊಂಡರು. ಕೋಪವಿಲ್ಲ ಎಂದು ತೋರಿಸಲು ನಾನೇ ತಿಂದೆ. ಉಳಿದ ಮನೆಗಳಲ್ಲೂ ಯಾರಿಗೂ ಬೇಸರವಾಗದ ಹಾಗೆ ನೋಡಿಕೊಂಡೆ.

೪. ಹಗ್ಗ

ಕೊನೆಗೆ ಅವನಿಗೆ ಕಡಲ ಬದಿಯಿಂದ ಹೋಗಲು ಹೇಳಿದೆ. ಅಲ್ಲಿ ಮನೆಯೇ ಇಲ್ಲವಲ್ಲ. ಮಳೆಗಾಲ ಕಳೆದು, ಹತ್ತಾರು ಜನ ಸೇರಿ ರಾಂಪಣಿಯ ದೊಡ್ಡ ಬಲೆಯನ್ನು ದಡಕ್ಕೆ ಎಳೆಯುವ ಸಮಯ. “ನೋಡುವುದೆಂತ ಮಾರಾಯ, ಹಗ್ಗ ಹಿಡಿ!” ಎಂದರಂತೆ ಮೀನುಗಾರರು. ಹಗ್ಗಕ್ಕೆ ಕೈ ಹಾಕಿದವನಿಗೆ ಮೀನಿನಲ್ಲಿ ಪಾಲುಂಟು. ಬಂಗುಡೆ ಹಿಡಿದು ಮನೆಗೆ ಬಂದವನ ಗತ್ತು ನೋಡಬೇಕಿತ್ತು! ಆಮೇಲೆ ಕಳುಹಿಸುವ ಕೆಲಸವೇ ಇರಲಿಲ್ಲ, ಅವನೇ ಓಡುತ್ತಿದ್ದ. ಚಡ್ಡಿ ಜಾರತೊಡಗಿತು. ಒಂದು ಸಂಜೆ ಮುಟ್ಟಾಟದಲ್ಲಿ ಎಲ್ಲರಿಗಿಂತ ಜೋರು ಓಡುವವನನ್ನೇ ಮುಟ್ಟಿಬಿಟ್ಟ. ನಾನು ಅಂಗಳದಲ್ಲೇ ಚಪ್ಪಾಳೆ ತಟ್ಟಿದೆ.

ಡಾಕ್ಟರರಿಗೆ ತೋರಿಸಲು ಹೋದೆವು. ಅವನು ಮೆಟ್ಟಿಲು ಹಾರಿ ಹತ್ತಿದ. ನಾನು ಏದುಸಿರು ಬಿಟ್ಟು ಜಗಲಿಯಲ್ಲಿ ಕೂತೆ. “ಭೇಷ್! ಎಂತ ಮಾಡಿದಿರಿ ಅಜ್ಜಿ?” ಎಂದರು ಡಾಕ್ಟರರು. ಅಷ್ಟರಲ್ಲಿ ಒಳಗಿನಿಂದ ಅವರ ಹೆಂಡತಿ, “ಬಿಸಿಲಲ್ಲಿ ಬಂದಿದ್ದೀರಿ” ಎನ್ನುತ್ತಾ ಬೆಲ್ಲ-ನೀರು ತಂದರು.

ಮೊಮ್ಮಗ ಕೈ ಹಿಂದೆ ಕಟ್ಟಿಕೊಂಡು ಹೇಳಿದ: “ನನಗೆ ಬೇಡ. ಅಜ್ಜಿಗೂ ಕೊಡಬೇಡಿ. ನಾಳೆಯಿಂದ ಅವರಿಗೆ ಬಲೆ ಎಳೆಯಲಿಕ್ಕುಂಟು.”

ಇಲ್ಲ ಎನ್ನೋಣವೆಂದರೆ, ನನ್ನ ಬಾಯಲ್ಲಿ ಆಗಲೇ ಬೆಲ್ಲವಿತ್ತು.