ನೈಸ್ ಬಾಬ್ ಎತ್ತಿದ ಟೋಸ್ಟ್

ಮದುಮಗನ ಚಿಕ್ಕಪ್ಪ ನೆವಿಲ್‌ನ ಗಂಟಲು ಕಟ್ಟಿದ್ದೇ ಎಲ್ಲ ಅನಾಹುತಕ್ಕೂ ಮೂಲ. ಹಿಂದಿನ ಸಂಜೆ ಕಾರ್ಲ್ಟನ್‌ನ, ಅಂದರೆ ಮದುಮಗನ, ತಲೆಗೆ ತೆಂಗಿನ ಹಾಲು ಸುರಿಯುವ ರೋಸ್ ಶಾಸ್ತ್ರದಲ್ಲಿ ಅವನು ಹಾಡಿದ್ದಕ್ಕೆ ಹಾಡು ಅನ್ನುವುದಕ್ಕಿಂತ ಬೊಬ್ಬೆ ಅನ್ನುವುದೇ ಸರಿ. ಬೆಳಿಗ್ಗೆ ಎದ್ದು ಬಾಯಿ ತೆರೆದರೆ ಸ್ವರವೇ ಇಲ್ಲ. ಸಂಜೆ ಕಾರ್ಕಳದ ಸಭಾಭವನದಲ್ಲಿ ಮದುವೆಯ ಟೋಸ್ಟ್ ಎತ್ತಬೇಕಾಗಿದ್ದವನು ಅವನೇ.

ಟೋಸ್ಟ್ ಎತ್ತುವುದೆಂದರೆ ಸಣ್ಣ ಕೆಲಸವಲ್ಲ. ಕೇಕ್ ಕತ್ತರಿಸಿದ ಮೇಲೆ ಮನೆಯ ಕಡೆಯವರೊಬ್ಬರು ಮೈಕಿನ ಮುಂದೆ ನಿಂತು ವಧೂವರರನ್ನು ಹೊಗಳಿ, ಸಭೆಯ ಕೈಯಲ್ಲಿ ವೈನಿನ ಗ್ಲಾಸು ಎತ್ತಿಸಬೇಕು. ಅದು ಮುಗಿಯದೆ ಬಫೆಯ ಪಾತ್ರೆಗಳ ಮುಚ್ಚಳ ತೆಗೆಯುವ ಹಾಗಿಲ್ಲ. ಆದ್ದರಿಂದ ಅವನು ವಧೂವರರನ್ನು ಹೊಗಳುತ್ತಿರುವಷ್ಟು ಹೊತ್ತೂ ಸಭೆ ಅವನನ್ನು ಮನಸ್ಸಿನಲ್ಲೇ ಬೈಯುತ್ತಿರುತ್ತದೆ.

ಮದುಮಗನ ತಾಯಿ ವಿಲ್ಮಾ ಕಾಪುವಿನಲ್ಲಿರುವ ತಂಗಿ ಐರಿನ್‌ಗೆ ಫೋನು ಮಾಡಿದಳು. "ನಿನ್ನ ಗಂಡನೇ ಟೋಸ್ಟ್ ಎತ್ತಲಿ. ಕಾರ್ಲ್ಟನ್‌ನ ಗಾಡ್‌ಫಾದರ್ ಅಲ್ವಾ? ಆದರೆ ಇಂಗ್ಲಿಷಿನಲ್ಲೇ ಆಗ್ಬೇಕು. ಹುಡುಗಿ ಕಡೆಯವರು ಮಣಿಪಾಲದವರು, ಡಿಂಪಲ್‌ನ ಅಪ್ಪ ಪ್ರೊಫೆಸರ್. ಮತ್ತೆ ಒಂದು ವಿಷಯ. ಆ ಶಬ್ದ ಮಾತ್ರ ಬೇಡ."

ಆ ಶಬ್ದ ಯಾವುದೆಂದು ಐರಿನ್ ಕೇಳಲಿಲ್ಲ. ಕೇಳುವ ಅಗತ್ಯ ಇರಲಿಲ್ಲ.

ಐರಿನ್‌ಳ ಗಂಡ ಜೋಕಿಮ್ ಕಾಪು ಪೇಟೆಯಲ್ಲಿ ಗ್ರೈಂಡರ್, ಮಿಕ್ಸಿ ರಿಪೇರಿ ಮಾಡುವವನು. ಅವನ ವೃತ್ತಿಯಲ್ಲಿ ಹೊಗಳಿಕೆಗೆ ಇರುವುದು ಒಂದೇ ಮಾತು. ಹಿಟ್ಟು ನೈಸ್ ಆದರೆ ಗಿರಾಕಿಗೆ ಖುಷಿ, ಗಿರಾಕಿಗೆ ಖುಷಿಯಾದರೆ ಜೋಕಿಮ್‌ಗೆ ಊಟ. ಹೀಗೆ ಆ ನೈಸ್ ಎಂಬ ಶಬ್ದ ಅಂಗಡಿಯಿಂದ ಮನೆಗೆ, ಮನೆಯಿಂದ ಇಗರ್ಜಿಗೆ ಅವನ ಬೆನ್ನು ಹಿಡಿದು ಬಂದು, ಬಂಗುಡೆ, ಮಳೆ, ಪಾದ್ರಿಗಳ ಪ್ರಸಂಗ ಎಲ್ಲವೂ ನೈಸ್ ಆಗಿಬಿಟ್ಟಿದ್ದವು. ಹಿಂದೊಮ್ಮೆ ಯಾರದೋ ಎಂಗೇಜ್‌ಮೆಂಟಿನಲ್ಲಿ ಮೈಕ್ ಕೊಟ್ಟಾಗ ಅವನು "ನೈಸ್ ಬಾಯ್, ನೈಸ್ ಗರ್ಲ್, ನೈಸ್ ಡ್ಯಾಡಿ, ನೈಸ್ ಮಮ್ಮಿ" ಎಂದು ಹೇಳಿ, ಇನ್ನು ಯಾರೂ ಉಳಿಯದೆ ತಲೆಯ ಮೇಲೆ ತಿರುಗುತ್ತಿದ್ದುದನ್ನು ನೋಡಿ "ನೈಸ್ ಫ್ಯಾನ್" ಎಂದಿದ್ದ. ಆ ವಿಡಿಯೊ ವಾಟ್ಸಾಪಿನಲ್ಲಿ ಕುವೈತಿನವರೆಗೆ ಹೋಗಿ ಬಂತು. ಅಂದಿನಿಂದ ಊರವರ ಬಾಯಲ್ಲಿ ಜೋಕಿಮ್ ಬಾಬ್, ಅಂದರೆ ಜೋಕಿಮಣ್ಣ, ಹೋಗಿ ನೈಸ್ ಬಾಬ್ ಆಯಿತು. ಮೀನಿನವಳೂ ಹಾಗೆಯೇ ಕರೆಯುತ್ತಾಳೆ. ಪಾಪ, ಜೋಕಿಮ್ ನಗುತ್ತಿದ್ದ, ಆದರೆ ಒಳಗೊಳಗೆ ಅವನಿಗೆ ನಿಜವಾಗಿಯೂ ನೋವಾಗುತ್ತಿತ್ತು.

"ಇವತ್ತು ಸಂಜೆಯೊಳಗೆ ಈ ಹೆಸರು ಹೋಗ್ಬೇಕು," ಎಂದಳು ಐರಿನ್. "ಬೇರೆ ಒಳ್ಳೆ ಶಬ್ದ ಕಲಿತು ಬನ್ನಿ. ಅಲ್ಲಿಯವರೆಗೆ ನಿಮ್ಮ ಬಾಯಿಂದ ಆ ಶಬ್ದ ಬಂದರೆ ನೋಡಿ ಮತ್ತೆ!"

"ನನಗೂ ಅದೇ ಬೇಕು ಮಾರಾಯ್ತಿ," ಎಂದು ಜೋಕಿಮ್ ಸ್ಕೂಟರ್ ಹತ್ತಿದ.

ಎಲ್ಲೂರಿನಲ್ಲಿ ಅವನಿಗೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದ ದಾಮೋದರ ಮಾಷ್ಟ್ರು ಇದ್ದರು. ನಿವೃತ್ತಿಯ ನಂತರ ಕಲಿಸಲು ಯಾರೂ ಸಿಗದೆ ಒಣಗಿ ಹೋಗಿದ್ದ ಅವರು ಶಿಷ್ಯನನ್ನು ಕಂಡು ಚಿಗುರಿದರು.

"ನೈಸ್! ಅದು ಶಬ್ದವಲ್ಲ ಜೋಕಿಮ್, ಆಲಸ್ಯ. ಹಳೆಯ ಕಾಲದ ಇಂಗ್ಲಿಷಿನಲ್ಲಿ ಅದಕ್ಕೆ ಎಂತ ಅರ್ಥ ಗೊತ್ತುಂಟಾ ನಿನಗೆ? ಮೂರ್ಖ ಅಂತ! ಆಮೇಲೆ ನಾಚಿಕೆಯವನು ಅಂತ ಆಯಿತು. ಆಮೇಲೆ ಸೂಕ್ಷ್ಮ ಅಂತ ಆಯಿತು. ಒಳ್ಳೆಯದು ಅಂತ ಆದದ್ದು ಎಷ್ಟೋ ಕಾಲದ ನಂತರ."

"ಹಾಗಾದ್ರೆ ಜನ ನನ್ನನ್ನು ನೈಸ್ ಬಾಬ್ ಅಂತ ಕರೆಯುವುದು..."

"ಹಳೆ ಇಂಗ್ಲಿಷಿನ ಪ್ರಕಾರ ತಪ್ಪೇನಿಲ್ಲ," ಎಂದರು ಮಾಷ್ಟ್ರು.

ನಂತರ ಅವರು ಒಂದೊಂದೇ ಶಬ್ದ ಹೊರತೆಗೆದರು. ಹವೆಗೆ ಪ್ಲೆಸೆಂಟ್. ಅತ್ತೆ ಮಾವಂದಿರಿಗೆ ಅಮಿಯಬಲ್. ಮದುಮಗಳಿಗೆ ಎಕ್ಸ್‌ಕ್ವಿಸಿಟ್. ಜೋಕಿಮ್ ಮೂರನ್ನೂ ಜಪಿಸುತ್ತಾ ಹೊರಟ. ಅವನು ಗೇಟು ದಾಟುವಾಗ ಮಾಷ್ಟ್ರು ಕೂಗಿ ಹೇಳಿದರು: "ನಾನೂ ಮದುವೆಗೆ ಬರ್ತೇನೆ. ಎಕ್ಸ್‌ಕ್ವಿಸಿಟ್ ಹೇಗೆ ಹೇಳ್ತಿ ಅಂತ ಕೇಳ್ಬೇಕು ನನಗೆ!"

ಅಂಗಡಿಗೆ ಬಂದರೆ ಗ್ರೈಂಡರ್ ಕೊಟ್ಟಿದ್ದ ಮನೋರಮಾ ಅಕ್ಕ ಕಾದು ನಿಂತಿದ್ದರು. "ಬಾಬ್, ಈಗ ಹಿಟ್ಟು ನೈಸ್ ಆಗ್ತದಾ?"

ಜೋಕಿಮ್‌ಗೆ ಹೌದು ಎಂದರೆ ಸಾಕಾಗಿತ್ತು. ಆದರೆ ಬಾಯಿಯಲ್ಲಿ ಹೊಸ ಶಬ್ದ ತುಂಬಿಕೊಂಡಿದ್ದವನಿಗೆ ತಡೆಯಲಾಗಲಿಲ್ಲ. "ಎಕ್ಸ್‌ಕ್ವಿಸಿಟ್ ಆಗ್ತದೆ ಅಕ್ಕ!"

ಮನೋರಮಾ ಅಕ್ಕನ ಮುಖ ಗಂಭೀರವಾಯಿತು. "ಅದೆಂತ ಹೊಸ ರೋಗ? ಕಲ್ಲು ಹೋಗಿದೆಯಾ, ಮೋಟರ್ ಹೋಗಿದೆಯಾ ಅಂತ ಸರಿಯಾಗಿ ಹೇಳಿ."

"ಹೋಗ್ಲಿಲ್ಲ ಅಕ್ಕ, ಬಹಳ ಪ್ಲೆಸೆಂಟ್ ಉಂಟು."

ಅಕ್ಕ ಸೀದಾ ರಸ್ತೆಗಿಳಿದರು. ರಿಕ್ಷಾ ಕರೆದು ಗ್ರೈಂಡರ್ ಹೇರಿಸಿಕೊಂಡು ಉಡುಪಿಯ ರಿಪೇರಿ ಅಂಗಡಿಗೆ ಹೊರಟೇ ಬಿಟ್ಟರು.

ಈ ಗಲಾಟೆ ಕೇಳಿ ಪಕ್ಕದ ಮನೆಯ ಆನ್ಸಿಲ್ಲಾ ಬಾಯಿ ಬಂದಳು. ಮಸ್ಕತ್ತಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ಊರಿಗೆ ಬಂದು ನೆಲೆಸಿದವಳು. ವಿಷಯ ತಿಳಿದು ತಲೆಯಾಡಿಸಿದಳು. "ಮಾಷ್ಟ್ರ ಶಬ್ದ ಪುಸ್ತಕದ್ದು ಬಾಬ್. ಕೇಳಿದ ಕೂಡಲೇ ಮನೆಯವರಿಗೆ ಸಮಾಧಾನ ಆಗುವಂಥ ಶಬ್ದ ನನ್ನ ಹತ್ತಿರ ಉಂಟು. ಸ್ಟೇಬಲ್! ನಾನು ಈ ಶಬ್ದ ಹೇಳಿದಾಗ ಜನ ನನ್ನ ಕೈ ಹಿಡಿದು ಅತ್ತಿದ್ದಾರೆ."

"ಮದುಮಗ ಸ್ಟೇಬಲ್ ಅಂತ ಹೇಳುವುದಾ ಬಾಯಿ?"

"ಮತ್ತೆ? ಅದಕ್ಕಿಂತ ಹೆಚ್ಚು ಇನ್ನೆಂತ ಬೇಕು ಹೆಣ್ಣಿನ ಕಡೆಯವರಿಗೆ?"

ಎದುರಿನ ಕಟ್ಟಡದಲ್ಲಿ ಜಾಗದ ವ್ಯವಹಾರ ಮಾಡುವ ಲಕ್ಷಿತ್ ಇದನ್ನು ಕೇಳಿಸಿಕೊಂಡು ರಸ್ತೆ ದಾಟಿ ಬಂದ. "ಸ್ಟೇಬಲ್ ಎಲ್ಲ ಬೇಡ ಬಾಬ್. ಕ್ಲಿಯರ್ ಅನ್ನಿ. ಹುಡುಗ ಕ್ಲಿಯರ್, ಹುಡುಗಿ ಕ್ಲಿಯರ್, ಎರಡೂ ಕುಟುಂಬ ಕ್ಲಿಯರ್. ನಮ್ಮ ಲೈನಿನಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ."

ಜೋಕಿಮ್ ಬೇಡ ಎನ್ನಲಾರದ ಮನುಷ್ಯ. ಎರಡನ್ನೂ ತೆಗೆದುಕೊಂಡ. ಆಮೇಲೆಯೇ ಅವನಿಗೆ ತಿಳಿದದ್ದು, ಶಬ್ದ ಕೊಟ್ಟವರೆಲ್ಲ ಅದನ್ನು ಕಡ ಕೊಟ್ಟ ಕುಕ್ಕರಿನ ಹಾಗೆ ಕಣ್ಣಿಟ್ಟು ಕಾಯುತ್ತಾರೆಂದು. ಸಂಜೆ ಮದುವೆಗೆ ಹೊರಟ ಟೆಂಪೋ ಟ್ರಾವೆಲರಿನಲ್ಲಿ ಮೂವರೂ ಹಾಜರಾಗಿ, ಬೆಳ್ಮಣ್ ದಾಟುವುದರೊಳಗೆ ಜಗಳ ಹತ್ತಿಸಿಕೊಂಡಿದ್ದರು.

"ಮೊದಲು ಎಕ್ಸ್‌ಕ್ವಿಸಿಟ್ ಬರಬೇಕು. ಮದುಮಗಳಿಗೆ ಅಗ್ರಸ್ಥಾನ," ಎಂದರು ಮಾಷ್ಟ್ರು.

"ಮದುಮಗನ ಆರೋಗ್ಯ ಮೊದಲು!" ಎಂದಳು ಆನ್ಸಿಲ್ಲಾ ಬಾಯಿ.

"ಎರಡು ಸಲ ಕ್ಲಿಯರ್ ಅನ್ನಿ ಬಾಬ್. ಕಾರ್ಕಳದವರು ತುಂಬಾ ಜನ ಇರ್ತಾರೆ, ನನಗೂ ಸ್ವಲ್ಪ ಹೆಸರಾಗ್ತದೆ," ಎಂದ ಲಕ್ಷಿತ್.

ಐರಿನ್ ಕಣ್ಣು ಮುಚ್ಚಿ ಜಪಸರ ಹಿಡಿದಳು. ಜೋಕಿಮ್ ಸೂಟಿನೊಳಗೆ ಬೆವರುತ್ತಾ ಶಬ್ದಗಳನ್ನು ಎಣಿಸಿದರೆ, ಒಂದು ನೆನಪಾಗುವಾಗ ಇನ್ನೊಂದು ಜಾರುತ್ತಿತ್ತು. "ಅಮಿಯಬಲ್ ಯಾರಿಗೆ ಮಾಷ್ಟ್ರೇ, ಹವೆಗಾ?" ಎಂದು ಕೇಳಿದ. ಮೂವರಿಗೂ ಒಂದೇ ಭಯ ಹುಟ್ಟಿತು: ಇವನು ನಮ್ಮ ಶಬ್ದ ಮರೆತರೆ?

ಸಭಾಭವನದಲ್ಲಿ ಇಳಿದ ಕೂಡಲೇ ಮಾಷ್ಟ್ರು ನೈಸಾಗಿ ಜಾರಿಕೊಂಡರು. ಕಾರ್ಯಕ್ರಮ ನಡೆಸಿಕೊಡುವ ಶೆಲ್ಡನ್ ಮೈಕ್ ಪರೀಕ್ಷೆ ಮಾಡುತ್ತಿದ್ದ. ಅವನ ಕಿವಿಯ ಹತ್ತಿರ ಬಗ್ಗಿ, "ಅಕಸ್ಮಾತ್ ಜೋಕಿಮ್ ಮರೆತರೆ ಅಂತ ಹೇಳುವುದು, ನೀನು ಒಮ್ಮೆ ಮದುಮಗಳಿಗೆ ಎಕ್ಸ್‌ಕ್ವಿಸಿಟ್, ಹವೆಗೆ ಪ್ಲೆಸೆಂಟ್, ಬೀಗರಿಗೆ ಅಮಿಯಬಲ್ ಅಂದುಬಿಡು," ಎಂದರು. ಅವರು ಸರಿಯುವುದನ್ನೇ ಕಾದು ಆನ್ಸಿಲ್ಲಾ ಬಾಯಿ ಬಂದಳು. ಅವಳ ಹಿಂದೆ ಲಕ್ಷಿತ್. ದಿನಕ್ಕೊಂದು ಮದುವೆ ಮಾಡಿ ಮಾತೆಲ್ಲ ಸವೆದು ಹೋಗಿದ್ದ ಶೆಲ್ಡನ್‌ಗೆ ಇದು ಹಬ್ಬವೇ ಆಯಿತು.

ಕೇಕ್ ಕತ್ತರಿಸಿಯಾಯಿತು. ಬಫೆಯ ಕಡೆಯಿಂದ ಪೋರ್ಕ್ ಬಫಾತಿನ ಪರಿಮಳ ಎದ್ದು ಬಂದು ಸಭೆಯ ಮೂಗಿನ ಮುಂದೆ ನಿಂತಿತು. ಶೆಲ್ಡನ್ ಮೈಕ್ ಎತ್ತಿಕೊಂಡ. ಟೋಸ್ಟ್ ಎತ್ತುವವರನ್ನು ಕರೆಯುವ ಮೊದಲು ತಾನೂ ಒಂದೆರಡು ಮಾತು ಹೇಳುತ್ತೇನೆಂದ.

ಆ ಒಂದೆರಡು ಮಾತಿಗೆ ಕೊನೆಯೇ ಕಾಣಲಿಲ್ಲ. ನಮ್ಮ ಮದುಮಗಳು ಎಕ್ಸ್‌ಕ್ವಿಸಿಟ್ ಎಂದ. ಮಾಷ್ಟ್ರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಮ್ಮ ಮದುಮಗ ಈಗ ಸ್ಟೇಬಲ್ ಎಂದ. ಮಣಿಪಾಲದ ಡಾಕ್ಟರುಗಳ ಸಾಲಿನಲ್ಲಿ ಗುಸುಗುಸು ಎದ್ದು, ಒಬ್ಬರು "ಯಾವಾಗ ಅಡ್ಮಿಟ್ ಆಗಿದ್ದ?" ಎಂದು ವಿಲ್ಮಾಳನ್ನೇ ಕೇಳಿದರು. ಎರಡೂ ಕುಟುಂಬ ಕ್ಲಿಯರ್ ಎಂದ. ಹವೆ ಪ್ಲೆಸೆಂಟ್ ಎಂದ, ಬೀಗರು ಅಮಿಯಬಲ್ ಎಂದ. ಶಬ್ದ ಸಿಕ್ಕಿದ ಸಂಭ್ರಮದಲ್ಲಿ ಪುನಃ ಮದುಮಗಳಿಂದ ಶುರುಮಾಡಿದ. ಹಿಂದಿನ ಸಾಲಿನಲ್ಲಿ ಮಕ್ಕಳು ಹಸಿವೆಯಿಂದ ಅಳತೊಡಗಿದವು. ಒಬ್ಬ ಅಜ್ಜ ಮೇಜಿನ ಅಲಂಕಾರದ ಹೂವಿನ ಎಸಳು ಕಿತ್ತು ಮೂಸಿ ನೋಡಿದ, ತಿನ್ನಬಹುದೋ ಏನೋ ಎಂಬಂತೆ.

ಜೋಕಿಮ್ ಮಾತ್ರ ಕಲ್ಲಾಗಿ ಕುಳಿತಿದ್ದ. ತಾನು ಬೆಳಿಗ್ಗೆಯಿಂದ ಕೂಡಿಸಿಟ್ಟದ್ದನ್ನೆಲ್ಲ ಕಣ್ಣೆದುರೇ ಬಾಚಿಕೊಂಡು ಹೋಗುತ್ತಿದ್ದರೆ ಯಾರು ತಾನೇ ಏನು ಮಾಡಿಯಾರು? ತಲೆಯೊಳಗೆ ಹುಡುಕಿದ. ಅಲ್ಲಿ ಉಳಿದಿದ್ದದ್ದು ಆ ಒಂದು ಶಬ್ದ ಮಾತ್ರ. ಅದು ಹಲ್ಲಿನ ಹಿಂದೆಯೇ ಬಂದು ನಿಂತಿತ್ತು.

"ಈಗ ಟೋಸ್ಟ್ ಎತ್ತಲು ಬರ್ತಾ ಇದ್ದಾರೆ, ನಮ್ಮೆಲ್ಲರ ಪ್ರೀತಿಯ ಜೋಕಿಮ್ ಬಾಬ್!"

ಜೋಕಿಮ್ ಮೈಕಿನ ಮುಂದೆ ನಿಂತ. ಕೆಳಗೆ ಐರಿನ್ ಕಣ್ಣಿನಲ್ಲೇ ಬೇಡ ಬೇಡ ಎನ್ನುತ್ತಿದ್ದಳು. ಹಲವರು ಮೊಬೈಲ್ ಎತ್ತಿ ವಿಡಿಯೊ ಶುರುಮಾಡಿಯೂ ಆಗಿತ್ತು. ಅವನು ತುಟಿ ಬಿಗಿದು ಆ ಕಡೆ ಈ ಕಡೆ ನೋಡಿದ. ಬಫೆಯ ಹತ್ತಿರ ಕೇಟರಿಂಗಿನವರು ಕೈಕಟ್ಟಿ ನಿಂತಿದ್ದರು. ಮುಚ್ಚಳದ ಅಂಚಿನಿಂದ ಮೊದಲು ಏಳುತ್ತಿದ್ದ ಹಬೆ ಈಗ ನಿಂತುಹೋಗಿತ್ತು.

"ಆಲ್ ಟ್ರೂ," ಎಂದ ಜೋಕಿಮ್. "ಫುಡ್ ಗೆಟಿಂಗ್ ಕೋಲ್ಡ್. ಟೋಸ್ಟ್!"

ಗ್ಲಾಸು ಎತ್ತಿಯೇ ಬಿಟ್ಟ.

ಮೊದಲು ಸಭೆಗೆ ನಂಬಿಕೆ ಬರಲಿಲ್ಲ. ಆಮೇಲೆ ಎದ್ದ ಕೂಗಿಗೆ ಭವನದ ಗಾಜು ಅದುರಿತು. ಜನ ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟುತ್ತಲೇ ಬಫೆಯ ಕಡೆ ಓಡಿದರು. ಅಜ್ಜ ಜೋಕಿಮ್‌ನನ್ನು ತಬ್ಬಿಕೊಂಡು, "ನನ್ನ ಜೀವಮಾನದಲ್ಲಿ ಇಂಥ ಟೋಸ್ಟ್ ಕೇಳಿಲ್ಲ ಮಗಾ," ಎಂದ. ವಿಲ್ಮಾ ತಾನೇ ತಟ್ಟೆಯಲ್ಲಿ ಇಡ್ಲಿಯಂಥ ಸನ್ನ, ಬಫಾತ್ ಹಾಕಿ ತಂದುಕೊಟ್ಟು, "ಮರ್ಯಾದೆ ಉಳಿಸಿದೆ ಜೋಕಿಮ್," ಎಂದಳು. ಹಾದುಹೋದವರೆಲ್ಲ ಜೋಕಿಮ್ ಬಾಬ್, ಜೋಕಿಮ್ ಬಾಬ್ ಎಂದೇ ಕೂಗಿದರು. ನೈಸ್ ಅಂಟಿಕೊಳ್ಳದ ತನ್ನ ಹೆಸರು ಕೇಳಿ ಅವನ ಕಣ್ಣು ಒದ್ದೆಯಾಯಿತು. ಇನ್ನು ಯಾವ ಮೈಕೂ ತನ್ನನ್ನು ಏನೂ ಮಾಡಲಾರದು ಅನ್ನಿಸಿ ಎದೆ ಹಿಗ್ಗಿತು.

ಅಷ್ಟರಲ್ಲಿ ಮದುಮಗಳ ಅಪ್ಪ ಪ್ರೊಫೆಸರ್ ಅಲೆಕ್ಸ್ ಬಂದರು. ಎರಡೂ ಕೈಯಿಂದ ಜೋಕಿಮ್‌ನ ಕೈ ಹಿಡಿದರು.

"ಅದ್ಭುತ! ಇಷ್ಟು ಚಿಕ್ಕದಾಗಿ ಮಾತಾಡುವವರನ್ನು ನಾನು ಹುಡುಕುತ್ತಾ ಇದ್ದೆ. ಬರುವ ವಾರ ನಮ್ಮ ಕಾಲೇಜಿಗೆ ನೀವು ಬರಲೇಬೇಕು. ಇಲ್ಲ ಅನ್ನಬಾರದು."

"ಇಲ್ಲ ಯಾಕೆ ಅನ್ನುವುದು ಸರ್?" ಎಂದ ಜೋಕಿಮ್, ಸುತ್ತ ನಿಂತವರಿಗೆಲ್ಲ ಕೇಳುವ ಹಾಗೆ. "ಒಂದು ಮಾತು ಹೇಳಿ ಕೂತುಕೊಳ್ಳುವುದು ತಾನೇ? ಖಂಡಿತ ಬರ್ತೇನೆ. ಇದು ನನ್ನ ಮಾತು."

ಸುತ್ತಲಿದ್ದವರು ಮತ್ತೊಮ್ಮೆ ಚಪ್ಪಾಳೆ ತಟ್ಟಿದರು. ಮಾಷ್ಟ್ರು ಹೆಮ್ಮೆಯಿಂದ ಕನ್ನಡಕ ಒರೆಸಿಕೊಂಡರು. ಪ್ರೊಫೆಸರರಿಗೆ ಎಷ್ಟು ಸಂತೋಷವಾಯಿತೆಂದರೆ ಅವರು ಅಲ್ಲೇ ಮೊಬೈಲ್ ತೆಗೆದು ಯಾರಿಗೋ ಒಂದು ಸಂದೇಶ ಕಳಿಸಿಯೇಬಿಟ್ಟರು.

"ಆಯಿತು, ಖಚಿತ ಮಾಡಿದೆ. ವಿಷಯ, ಕಡಿಮೆ ಮಾತಾಡುವುದು ಹೇಗೆ. ಇಂಗ್ಲಿಷಿನಲ್ಲಿ. ಬೆಳಿಗ್ಗೆ ಎರಡು ಗಂಟೆ ಹೊತ್ತು ನೀವೊಬ್ಬರೇ ಮಾತಾಡುವುದು. ಊಟ ಆದ ಮೇಲೆ ಮತ್ತೆ ಎರಡು ಗಂಟೆ," ಎಂದು ಹೇಳಿ, ಪ್ರೊಫೆಸರ್ ಅಲೆಕ್ಸ್ ಜೋಕಿಮ್‌ನ ತಟ್ಟೆಗೆ ಇನ್ನೊಂದು ಸನ್ನ ಹಾಕಿದರು.